ಕಾರ್ಬುರೇಟರಿನ ಹುಟ್ಟುಗುರುತು

ಹತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವ್ವನೂ ಕಾರೂ ಒಂದೇ ವಾರದಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ ಬಂದರು. ಅವ್ವ ಬಂದ ದಿನವೇ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿ, ತನ್ನ ದೇವರ ಸಾಮಾನನ್ನು ನಮ್ಮ ಜಗಲಿಯ ಮೇಲಿಟ್ಟು ನೆಲೆಗೊಂಡಳು. ಕಾರಿಗೆ ಜಾಗ ಮಾಡಲು ಮಾತ್ರ ನನ್ನ ಗಂಡ ದಾಸವಾಳದ ಕುಂಡಗಳನ್ನೆಲ್ಲ ಒಂದೊಂದಾಗಿ ಮಹಡಿಗೆ ಹೊರಬೇಕಾಯಿತು. ಅದು ಹಸಿರು ಬಣ್ಣದ, ಆಮೆಯ ಬೆನ್ನಿನ ವಿಲಾಯತಿ ಕಾರು. ಹತ್ತಿ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಅದನ್ನು ಯಾರೋ ಡಾಕ್ಟರರಿಂದ ಕೊಂಡಿದ್ದ. ವಯಸ್ಸಿನಲ್ಲಿ ಅವ್ವನಿಗಿಂತ ಹತ್ತು ವರ್ಷ ಚಿಕ್ಕದು, ಬೆಳಗಿನ ಕೆಮ್ಮಿನಲ್ಲಿ ಅವಳಿಗಿಂತ ಬಹಳ ಮುಂದು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಧಾರವಾಡದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಫೋಟೋ ಇದೆಯೇ, ಸಹಿ ಇದೆಯೇ, ಶಿಕ್ಕಾ ಬಿದ್ದಿದೆಯೇ ಎಂದು ನೋಡುವುದೇ ನನ್ನ ಕೆಲಸ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಉಳಿದ ಚಿಂತೆಗಳನ್ನು ನಾನು ಬಿಟ್ಟಿಯಾಗಿ ಮಾಡುತ್ತೇನೆ. ಬಸ್ಸು ಉಣಕಲ್ ದಾಟಿದ ಕೂಡಲೇ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ಮನೆಗೆ ಫೋನು ಮಾಡುತ್ತೇನೆ. ಅವ್ವ ಎತ್ತಿ, ಏನೂ ಕೇಳುವ ಮೊದಲೇ "ಆರೇತಿ" ಎಂದು ಇಡುತ್ತಾಳೆ. ಅವಳು ಎದ್ದು ಹೋಗಿ ನೋಡಿರುತ್ತಾಳೆಯೇ ಎಂಬುದು ಮುಂದಿನ ಚಿಂತೆ.

ಇಂಥವಳ ಮನೆಗೆ ಅರವತ್ತು ವರ್ಷದ ಕಾರು ಬಂದರೆ ಏನಾಗಬೇಕೋ ಅದೇ ಆಯಿತು. ನನಗೆ ಅದರಲ್ಲಿ ದಿನಕ್ಕೊಂದು ಹೊಸ ಸಪ್ಪಳ ಕೇಳತೊಡಗಿತು. ನಾನು ಫೋನು ಮಾಡುತ್ತಿದ್ದದ್ದು ಕಾಕಾ ಅವರಿಗೆ. ಗದಗ ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡು, ಅಪ್ಪ ಕಾರು ಕೊಂಡ ದಿನದಿಂದ ಅದನ್ನು ನೋಡಿಕೊಂಡು ಬಂದ ಮಿಸ್ತ್ರಿ. ನಾನು ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುವಾಗಿನಿಂದ ಅವರಿಗೆ ನಾನು ತಂಗೆವ್ವ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಕಾರು ಚಾಲೂ ಮಾಡಿ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಿದ್ದರು. ಡಾಕ್ಟರು ಎದೆ ನೋಡಿದ ಹಾಗೆ.

"ಕಾಕಾ, ನಿನ್ನೆಯಿಂದ ಟಕ್ ಟಕ್ ಅನ್ನಾಕತ್ತೈತ್ರಿ" ಎಂದು ನಾನು ಒಮ್ಮೆ ಹೇಳಿದೆ.

ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. "ಇಂಜಿನ್ದಲ್ಲ ತಂಗೆವ್ವ" ಅಂದರು. "ನಿನ್ನ ಎದೀದು."

ಕಾಕಾ ಹೆಚ್ಚು ಹೊಗಳಿಕೊಳ್ಳುವ ಮನುಷ್ಯರಲ್ಲ. ಒಂದು ವಿಷಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ. ಪೆಟ್ರೋಲು ತುಟ್ಟಿಯಾದ ವರ್ಷಗಳಲ್ಲಿ ಹುಬ್ಬಳ್ಳಿಯ ಹಳೆಯ ಕಾರುಗಳಿಗೆಲ್ಲ ಒಂದು ಶಸ್ತ್ರಚಿಕಿತ್ಸೆಯಾಗಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗವೇ ಕಾರ್ಬುರೇಟರ್. ದೊಡ್ಡ ಮುಷ್ಟಿಯಷ್ಟಿರುತ್ತದೆ. ಹುಟ್ಟಿನಿಂದ ಬಂದದ್ದು ಬಹಳ ಕುಡಿಯುತ್ತದೆಂದು ಅದನ್ನು ಕಿತ್ತು, ಬೇರೆ ಸಣ್ಣ ಗಾಡಿಯದನ್ನು ಕೂಡಿಸಿದರು. ಕಿತ್ತದ್ದು ಗುಜರಿಗೆ ಹೋಯಿತು. ಎಲ್ಲರೂ ಮಾಡಿದರು, ಕಾಕಾ ಮಾಡಲಿಲ್ಲ. ಹಾಗೆಂದು ಕಾಕಾ ಹೇಳುತ್ತಿದ್ದರು. ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ ಅವರ ವಾರಿಗೆಯ ಇಬ್ಬರು ಮಿಸ್ತ್ರಿಗಳು ದಿನಾ ಕೂಡುತ್ತಿದ್ದರು. ಅವರು ಇದನ್ನು ಕೇಳಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಬಿಸ್ಕತ್ತನ್ನು ಚಹಾದಲ್ಲಿ ಬಹಳ ನಿಧಾನವಾಗಿ ಅದ್ದುತ್ತಿದ್ದರಂತೆ.

ಈ ವರ್ಷ ಧಾರವಾಡದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯುವುದೆಂದು ಗೊತ್ತಾಯಿತು. ಅದರಲ್ಲಿ 'ಹುಟ್ಟಿದ ಸ್ಥಿತಿಯಲ್ಲಿರುವ ಕಾರು' ಎಂದೊಂದು ವಿಭಾಗ. ಒಂದು ಭಾಗವೂ ಬದಲಾಗಿರಬಾರದು. ಕಾಕಾ ಆ ಕಾಗದವನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದರು. ಎರಡು ಕಣ್ಣಿಗೂ ಪೊರೆ ಬಂದು, ದಸರೆಯ ಹೊತ್ತಿಗೆ ಶೆಡ್ಡು ಮುಚ್ಚುವುದೆಂದು ಅವರು ಆಗಲೇ ನಿರ್ಧರಿಸಿದ್ದರು. ತಮಗಾಗಿ ಎಂದೂ ಏನೂ ಕೇಳದವರು ಅಂದು ಕೇಳಿದರು.

"ಒಮ್ಮೆ ನಾಕ ಮಂದಿ ಮುಂದ ಬಾನೆಟ್ ತಗದ ತೋರಸೋಣ ತಂಗೆವ್ವ. ಹೋದಮ್ಯಾಲ ಯಾರ ಹೇಳೂದಿದ್ರೂ ಖರೇ ಅಂತ ಹೇಳಲಿ."

ನನಗೆ ತಕ್ಷಣ ಹನ್ನೊಂದು ಚಿಂತೆಗಳು ಹೊಳೆದವು. ದಾರಿಯಲ್ಲಿ ನಿಂತರೆ, ಮಳೆ ಬಂದರೆ, ಯಾರಾದರೂ ಒರಗಿ ಸೆಲ್ಫಿ ತೆಗೆಸಿಕೊಂಡರೆ. ಆದರೂ ಹೂಂ ಅಂದೆ. ಹನ್ನೆರಡನೆಯದು ನನಗೆ ಹೊಳೆದಿರಲಿಲ್ಲ.

ಪ್ರದರ್ಶನಕ್ಕೆ ಎರಡು ವಾರ ಮೊದಲು, ಒಂದು ಭಾನುವಾರ, ಅದನ್ನು ನಡೆಸುವವರ ಕಡೆಯ ಪರೀಕ್ಷಕರೊಬ್ಬರು ಮನೆಗೆ ಬಂದರು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡಿ ನಿವೃತ್ತರಾದವರು. ಕೈಯಲ್ಲಿ ಬ್ಯಾಟರಿ ದೀಪ, ಭೂತಗನ್ನಡಿ, ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಸಣ್ಣ ಕನ್ನಡಿ. ನನಗೆ ಅವರನ್ನು ನೋಡಿದ ಕೂಡಲೇ ಗೌರವ ಬಂತು, ನಮ್ಮ ವಿಭಾಗಕ್ಕೆ ಬೇಕಾದಂಥ ಮನುಷ್ಯ. ಚಾಸಿಯ ನಂಬರು ಸರಿ, ಎಂಜಿನ್ನಿನ ನಂಬರು ಸರಿ, ದೀಪದ ಗಾಜು ಸರಿ. ಪ್ರತಿ 'ಸರಿ'ಗೂ ಪಕ್ಕದಲ್ಲಿ ನಿಂತ ಕಾಕಾ ಕೈ ಒರೆಸಿಕೊಳ್ಳುವ ಅರಿವೆಯನ್ನು ಒಂದು ಮಡಿಕೆ ಮಡಚುತ್ತಿದ್ದರು.

ಕಾರ್ಬುರೇಟರಿಗೆ ಬಂದಾಗ ಪರೀಕ್ಷಕರು ನಿಂತರು. ಕನ್ನಡಿ ಹಿಡಿದರು, ಬ್ಯಾಟರಿ ಹಿಡಿದರು, ಮತ್ತೆ ಕನ್ನಡಿ. ನನಗೆ ವಿವರಿಸಿದರು. ಮೈಮೇಲೆ ಎರಕದಲ್ಲೇ ಮೂಡಿದ ಅಕ್ಷರ ಕಂಪನಿಯದು, ಅದು ಹಲವು ಬಗೆಯ ಗಾಡಿಗಳಿಗೆ ಇಂಥದನ್ನು ಮಾಡಿದೆ. ಇದು ಯಾವ ಗಾಡಿಗೆ, ಯಾವ ವರ್ಷಕ್ಕೆ ಮಾಡಿದ್ದು ಎಂದು ಹೇಳುವುದು ಒಂದು ಪುಟ್ಟ ಹಿತ್ತಾಳೆಯ ಬಿಲ್ಲೆ. ಮೂರು ಮೂಲೆಯದು, ಮುಚ್ಚಳದ ಒಂದು ಸ್ಕ್ರೂ ಕೆಳಗೆ ಸಿಕ್ಕಿಸಿರುತ್ತಾರೆ, ಅದರ ಮೇಲೆ ಅಂಕಿ ಕುಟ್ಟಿರುತ್ತಾರೆ. ಅದೇ ಹುಟ್ಟುಗುರುತು. ಇಲ್ಲಿ ಆ ಬಿಲ್ಲೆ ಇಲ್ಲ.

"ಬದಲಿ ಅಂತ ಬರೀಬೇಕಾಗತೈತ್ರಿ ಮೇಡಂ" ಅಂದರು. "ಇದರದಲ್ಲ ಅಂತ ನಾ ಹೇಳೂದಿಲ್ಲ. ಇದರದಽ ಅಂತ ಹೇಳಾಕ ನನ್ನ ಕಡೆ ಏನೂ ಇಲ್ಲ. ಮತ್ತ ಆ ವರ್ಷಗಳಾಗ ಈ ಊರಾಗ ಯಾರ ಬಿಟ್ಟಾರ್ರಿ?"

ಎಲ್ಲರೂ ಕಾಕಾರನ್ನು ನೋಡಿದೆವು. ಅವರು ಮಡಚಿದ ಅರಿವೆಯನ್ನು ನೋಡುತ್ತ ನಿಂತಿದ್ದರು. ಏನಾದರೂ ಹೇಳಿಯಾರೆಂದು ಪರೀಕ್ಷಕರೂ ಕಾದರು. ಕಾಕಾ ಹೇಳಲಿಲ್ಲ. ಅವ್ವ ತಂದಿಟ್ಟ ಚಹಾ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಬಾನೆಟ್ಟು ತೆರೆದೇ ಇತ್ತು. ಅವರು ಅದನ್ನು ಹಾಗೆ ಬಿಟ್ಟು ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಪರೀಕ್ಷಕರು ಮುಂದಿನ ಭಾನುವಾರ ಇನ್ನೊಮ್ಮೆ ಬರುವುದಾಗಿಯೂ ಅಷ್ಟರಲ್ಲಿ ಏನಾದರೂ ಆಧಾರ ಸಿಕ್ಕರೆ ತೋರಿಸಬೇಕೆಂದೂ ಹೇಳಿ, ತಮ್ಮ ಚಹಾವನ್ನೂ ಕಾಕಾರ ಚಹಾವನ್ನೂ ಕುಡಿದು ಹೋದರು.

ನಾನು ಬಾನೆಟ್ಟು ಮುಚ್ಚಿದೆ. ಮುಚ್ಚುವಾಗಲೇ ಅನುಮಾನ ಒಳಗೆ ಹೊಕ್ಕಿತ್ತು. ತಪ್ಪಿಲ್ಲದ ಮನುಷ್ಯ ಸುಮ್ಮನಿರುತ್ತಾನೆಯೇ? ಫೋಟೋ ಇಲ್ಲದ ಹಾಲ್ ಟಿಕೆಟ್ಟು ತಂದ ಹುಡುಗರೂ ಕೂಡ ಕೌಂಟರಿನ ಮುಂದೆ ಅರ್ಧ ಗಂಟೆ ಮಾತಾಡುತ್ತಾರೆ. ಆಮೇಲೆ ಇನ್ನೊಂದು ನೆನಪಾಯಿತು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕಾರು ಇಪ್ಪತ್ತು ದಿನ ಕಾಕಾರ ಶೆಡ್ಡಿನಲ್ಲೇ ನಿಂತಿತ್ತು. ಅಪ್ಪ ಸಿಟ್ಟಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ. ಸರಿಯಾಗಿ ಪೆಟ್ರೋಲು ತುಟ್ಟಿಯಾಗಿದ್ದ ವರ್ಷ. ಸಣ್ಣ ರಿಪೇರಿಗೆ ಇಪ್ಪತ್ತು ದಿನವೇ? ನನ್ನ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, ಮೂವತ್ತು ವರ್ಷ ನಮ್ಮ ಮನೆಯ ಹಾಲಿಗೆ ನೀರು ಬೆರೆಸಿದವನನ್ನು ನೀನು ಒಮ್ಮೆಯೂ ಕೇಳಲಿಲ್ಲ, ಕಾಕಾರನ್ನು ಕೇಳುತ್ತೀಯಾ ಎಂದರು.

ಕೇಳುವ ಧೈರ್ಯ ಇರಲಿಲ್ಲ. ಹೌದು ಅಂದುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ಇಲ್ಲ ಅಂದರೆ? ನಾನು ಕೇಳಿದ್ದಂತೂ ಉಳಿದುಬಿಡುತ್ತದೆ. ಆದ್ದರಿಂದ ಕೇಳದೆಯೇ ಕಂಡುಹಿಡಿಯಲು ಹೊರಟೆ. ಒಂದು ಮಧ್ಯಾಹ್ನ ರಜೆ ಹಾಕಿ, ಹೊಲಿಗೆಯ ಟೇಪು, ಮೊಬೈಲಿನ ಬೆಳಕು, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಬಾನೆಟ್ಟಿನೊಳಗೆ ತಲೆ ತೂರಿಸಿದೆ. ಗಾಳಿ ಹೋಗುವ ಬಾಯಿಯನ್ನು ಅಳೆದೆ. ಮೂರು ಸಲ ಅಳೆದಾಗ ಮೂರು ಉತ್ತರ ಬಂತು. ಅಕ್ಷರಗಳನ್ನು ಬ್ರಶ್ಶಿನಿಂದ ತಿಕ್ಕಿದೆ. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಅಪ್ಪ ಎಂಜಿನ್ನಿನ ಭಾಗಗಳಿಗೆಲ್ಲ ಬೆಳ್ಳಿ ಬಣ್ಣ ಬಳಿಸುತ್ತಿದ್ದ. ಮೇಲಿಂದ ಮೇಲೆ ಬಳಿದು ಬಳಿದು ಅಕ್ಷರಗಳು ಇಡ್ಲಿಯ ಹಾಗೆ ಉಬ್ಬಿದ್ದವು. ಹಿಂಬದಿಯಿಂದ ಅವ್ವ, "ಏನ ಹುಡುಕಾಕತ್ತಿ?" ಅಂದಳು. ಜಿರಲೆ ಅಂದೆ.

ಫೋಟೋ ತೆಗೆದು, ಹಳೆಯ ಕಾರುಗಳ ಹುಚ್ಚಿರುವವರ ಒಂದು ಫೋನ್ ಗುಂಪಿಗೆ ಹಾಕಿದೆ. ಒಬ್ಬರು ಇದು ನೂರಕ್ಕೆ ನೂರು ಮೂಲದ್ದು ಅಂದರು. ಒಬ್ಬರು ಇದು ನೀರೆತ್ತುವ ಪಂಪಿನದು ಅಂದರು. ಮೂರನೆಯವರು ಮಾರುತ್ತೀರಾ ಅಂದರು. ನಾಲ್ಕನೆಯವರು ಕಾರನ್ನು ಬಿಟ್ಟು, ಹಿಂದೆ ಮಹಡಿಯಂಚಿನಲ್ಲಿ ಕಾಣುತ್ತಿದ್ದ ದಾಸವಾಳದ ತಳಿ ಯಾವುದೆಂದು ಕೇಳಿದರು.

ಕೊನೆಗೆ ಶುಕ್ರವಾರ ಸಂಜೆ, ಬಳೆ ತರುವ ನೆವದಲ್ಲಿ ದುರ್ಗದಬೈಲಿನ ಪೇಟೆಗೆ ಹೋದೆ. ಅಲ್ಲಿಂದ ಎರಡು ಸಂದಿ ದಾಟಿದರೆ ಹಳೆಯ ಸ್ಪೇರ್ ಪಾರ್ಟುಗಳ ಒಂದು ಅಂಗಡಿ ಇದೆ. ಅಂಗಡಿಯವರಿಗೆ ಫೋಟೋ ತೋರಿಸಿ, ಇದು ನನ್ನ ಗೆಳತಿಯ ಕಾರಿನದು, ಮೂಲದ್ದೋ ಬದಲಿಯೋ ನೋಡಿ ಹೇಳಿ ಎಂದೆ. ಅವರು ಚಸ್ಮಾ ಹಾಕಿಕೊಂಡು ಫೋಟೋ ನೋಡಿದರು, ಚಸ್ಮಾ ತೆಗೆದು ನನ್ನನ್ನು ನೋಡಿದರು. ಗೆಳತಿಯ ಕಾರು ಹಸಿರು ಬಣ್ಣದ್ದೋ ಎಂದು ಕೇಳಿದರು. ಇರಬಹುದು ಅಂದೆ. ಬಿಲ್ಲೆ ಇಲ್ಲದೆ ಹೇಳಲಾಗದು, ಮೈಯಂತೂ ಅದೇ ಕಾಲದ್ದು ಎಂದು ಹೇಳಿ, ಬಹಳ ಮರ್ಯಾದೆಯಿಂದ ಬಾಗಿಲ ತನಕ ಬಂದು ಕಳಿಸಿದರು.

ಆಟೋ ಹಿಡಿದು ಮನೆಗೆ ಬರುವಷ್ಟರಲ್ಲಿ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಆಟೋಗಿಂತ ಫೋನು ಬೇಗ ಮುಟ್ಟುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ.

"ಬಳಿ ಸಿಕ್ಕುವೇನ ತಂಗೆವ್ವ?" ಎಂದು ಕೇಳಿದರು.

ನನ್ನ ಕೈ ಬರಿದಾಗಿತ್ತು. ಬಳೆ ಕೊಳ್ಳುವುದನ್ನು ಮರೆತೇಬಿಟ್ಟಿದ್ದೆ. ಅಳತೆಯವು ಸಿಗಲಿಲ್ಲ ಅಂದೆ.

"ಮತ್ತ ನಿನ್ನ ಗೆಳತಿ ಗಾಡಿ ಹೆಂಗೈತಿ? ಆಕೀನೂ ನಿನ್ನಂಗಽ ಟಕ್ ಟಕ್ ಅಂತಾಳೇನು?"

ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತೆ. ಐವತ್ತಮೂರು ವರ್ಷದವಳಿಗೆ ಹದಿಮೂರರವಳ ಹಾಗೆ ಕಣ್ಣಲ್ಲಿ ನೀರು ಬಂತು. ಕಾಕಾ ಲೋಟ ಕೆಳಗಿಟ್ಟರು. ನಗೆ ಹೋಗಿತ್ತು. ಊರನ್ನೆಲ್ಲ ಕೇಳಿದವಳು ನನ್ನನ್ನು ಯಾಕೆ ಕೇಳಲಿಲ್ಲ ಎಂದರು. ಬಯ್ಯುವ ದನಿಯಲ್ಲ, ಖರೇ ತಿಳಿಯದೆ ಕೇಳುವ ದನಿ. ಆಗ ಕೇಳಿದೆ, ಬಿಲ್ಲೆ ಎಲ್ಲಿದೆ ಎಂದು.

"ನಾನಽ ಬಿಚ್ಚೇನಿ" ಅಂದರು ಕಾಕಾ.

ಆಮೇಲೆ ಹೇಳಿದರು. ಅಪ್ಪ ಮೊದಲ ಸಲ ಬೆಳ್ಳಿ ಬಣ್ಣದ ಡಬ್ಬಿ ಹಿಡಿದು ಬಂದಾಗ ಕಾಕಾ ಬೇಡವೆಂದರಂತೆ. ಅಪ್ಪ ಕೇಳಬೇಕಲ್ಲ. ಬಣ್ಣ ಕೂತರೆ ಬಿಲ್ಲೆಯ ಅಂಕಿ ಮುಚ್ಚಿಹೋಗುತ್ತದೆಂದು ಕಾಕಾ ಅದನ್ನು ಬಿಚ್ಚಿ, ಒರೆಸಿ, ನಮ್ಮ ಮನೆಗೆ ತಂದು ಅವ್ವನ ಕೈಯಲ್ಲಿ ಕೊಟ್ಟಿದ್ದರು. ಇದು ಗಾಡಿಯ ಜಾತಕ, ಜೋಪಾನವಾಗಿ ಇಡಿ ಎಂದಿದ್ದರು. ಅಷ್ಟೇ ಆಗಿದ್ದು. ಹಾಗಿದ್ದರೆ ಪರೀಕ್ಷಕರ ಮುಂದೆ ಇದನ್ನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವ್ವಾರಿಗೆ ಎಂಬತ್ತ ದಾಟೈತಿ" ಅಂದರು. "ಎಲ್ಲ್ಯರ ಬಿದ್ದ ಹೋಗಿದ್ರ? ಹೊರಗಿನವರ ಮುಂದ ಅವರನ್ನ ನಿಲ್ಲಿಸಿ, ಕೊಟ್ಟಿದ್ದೆ ಎಲ್ಲಿ ಇಟ್ಟೀರಿ ಅಂತ ಕೇಳೂದೇನ? ಒಂದ ಮಾತ ನನ್ನ ಮ್ಯಾಲ ಬಂದ್ರ ಬರಲಿ ಅಂದೆ."

ಮತ್ತೆ ಆ ಇಪ್ಪತ್ತು ದಿನ? ಅದನ್ನೂ ಕೇಳಿಯೇಬಿಟ್ಟೆ, ಮುಳುಗಿದ ಮೇಲೆ ಚಳಿಯೇನು ಎಂದು. ಕಾಕಾ ನೆನೆಸಿಕೊಂಡು ನಕ್ಕರು. ಸಣ್ಣ ಕಾರ್ಬುರೇಟರ್ ಹಾಕು ಎಂದು ಅಪ್ಪ ಹಟ ಹಿಡಿದಿದ್ದ. ಒಲ್ಲೆ ಎಂದು ಕಾಕಾ ಹಟ ಹಿಡಿದಿದ್ದರು. ಇಪ್ಪತ್ತು ದಿನ ಅವನು ಅದನ್ನೇ ಹೇಳಲು ಬರುವುದು, ಇವರು ಚಹಾ ಕುಡಿಸಿ ಕಳಿಸುವುದು. ಇಪ್ಪತ್ತೊಂದನೆಯ ದಿನ ಬಸ್ಸಿನಲ್ಲಿ ಅಪ್ಪನ ಚಪ್ಪಲಿಯನ್ನು ಯಾರೋ ತುಳಿದು ಹರಿದರು. ಅವತ್ತು ಇದ್ದ ಕಾರ್ಬುರೇಟರನ್ನೇ ಒಪ್ಪಿಕೊಂಡು ಗಾಡಿ ಒಯ್ದ.

ಅಷ್ಟು ಹೊತ್ತೂ ಅವ್ವ ಬಾಗಿಲ ಹಿಂದೆ ಅವರೆಕಾಯಿ ಬಿಡಿಸುತ್ತ ಕೂತು ಎಲ್ಲವನ್ನೂ ಕೇಳುತ್ತಿದ್ದಳು.

"ಏನಪಾ ಮಿಸ್ತ್ರಿ, ನಾ ಕಳೀತೇನಿ ಅಂದ್ಕೊಂಡಿಯೇನ? ಜಗಲಿ ಮ್ಯಾಲ ಐತಿ ನೋಡು" ಅಂದಳು.

ನಾನು ಒಳಗೆ ಓಡಿದೆ. ಓಡುವಾಗಲೇ ತಿಳಿದುಹೋಯಿತು. ದೇವರ ಜಗಲಿಯ ಮೇಲೆ, ಲಿಂಗದ ಎದುರಿಗೆ, ಪತ್ರಿಯ ಕೆಳಗೆ, ಮೂರು ಮೂಲೆಯ ಹಿತ್ತಾಳೆಯ ಬಿಲ್ಲೆ. ದಿನಾ ನಾನು ವಿಭೂತಿ ಹಚ್ಚುವ ಬಿಲ್ಲೆ.

ಇನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಅದನ್ನು ಯಾವುದೋ ಮಠದಿಂದ ಮಂತ್ರಿಸಿ ತಂದದ್ದೆಂದು ನಾನು ನಂಬಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ಮೂರು ಮೂಲೆ, ಮಧ್ಯದಲ್ಲಿ ಏನೋ ಅಕ್ಷರ, ಏನೋ ಅಂಕಿ, ತುದಿಗೊಂದು ತೂತು. ನನ್ನಂಥವಳಿಗೆ ಇಷ್ಟು ಸಾಕಾಗಿತ್ತು. ಮಗಳ ಹತ್ತನೇ ತರಗತಿಯ ಪರೀಕ್ಷೆಗೆ ಅದನ್ನು ಅವಳ ಕಂಪಾಸಿನ ಡಬ್ಬಿಯಲ್ಲಿಟ್ಟು ಕಳಿಸಿದ್ದೆ. ನನ್ನ ಹೊಟ್ಟೆಯ ಸ್ಕ್ಯಾನಿಂಗಿಗೆ ಹೋದಾಗ ಪರ್ಸಿನಲ್ಲಿಟ್ಟುಕೊಂಡಿದ್ದೆ. ಪಕ್ಕದ ಮನೆಯವರ ಮಗಳಿಗೆ ಮೂರು ವರ್ಷ ಕಂಕಣಬಲ ಕೂಡಿಬರಲಿಲ್ಲವೆಂದು, ಬಹಳ ಶಕ್ತಿ ಇರುವಂಥದ್ದು ಎಂದು ಹೇಳಿ ಒಂದು ತಿಂಗಳು ಕೊಟ್ಟಿದ್ದೆ. ಕೂಡಿಬಂತು. ಈಗ ಎರಡು ಮಕ್ಕಳು.

"ನೀ ಹೇಳಬಾರದೇನ ಅವ್ವ?" ಎಂದು ಕೇಳಿದೆ.

"ನೀ ಕೇಳಿದಿಯೇನ? ಇಷ್ಟ ಭಕ್ತೀಲೆ ಮಾಡಾಕತ್ತಾಳ, ಮಾಡಲಿ ಅಂತ ಬಿಟ್ಟೆ."

"ಗಾಡಿ ಬಿಲ್ಲೆ ಅಂತ ಗೊತ್ತಿದ್ರ ನೀ ಜಗಲಿ ಮ್ಯಾಲ ಯಾಕ ಇಟ್ಟಿ?"

ಅವ್ವ ಅವರೆಕಾಯಿಯಿಂದ ಕಣ್ಣೆತ್ತಿದಳು. "ನಿಮ್ಮಪ್ಪ ಗಾಡಿ ಹೊಡಿಯೂದ ನೋಡೀಯಿಲ್ಲ?"

ಕಾಕಾ ಬಾಗಿಲಲ್ಲಿ ನಿಂತು, ಇದಕ್ಕೆ ತಮ್ಮದೂ ಸಾಕ್ಷಿ ಇದೆ ಎಂಬಂತೆ ತಲೆಯಾಡಿಸಿದರು. ನಾನು ಬಿಲ್ಲೆಯನ್ನು ತಂದು ಅವರ ಅಂಗೈ ಮೇಲಿಟ್ಟೆ. ಕಣ್ಣು ಅಷ್ಟಕ್ಕಷ್ಟೇ ಆಗಿದ್ದರಿಂದ ಅವರು ಹೆಬ್ಬೆರಳಿನಿಂದ ಮುಟ್ಟಿ ಓದಲು ಹೋದರು. ಒಂದು ಬದಿ ಸವರಿದರು. ತಿರುವಿ ಇನ್ನೊಂದು ಬದಿ ಸವರಿದರು. ಮತ್ತೆ ಮೊದಲಿನ ಬದಿ.

ಏನೂ ಇರಲಿಲ್ಲ. ಮೊದಲಿನ ಒಂದು ಅಕ್ಷರ, ಅದರ ಮುಂದೆ ಎರಡು ಅಂಕಿಯ ನೆರಳು. ಉಳಿದ ಜಾಗವೆಲ್ಲ ಕನ್ನಡಿಯಂತೆ ನುಣ್ಣಗಾಗಿತ್ತು. ಪ್ರತಿ ಸೋಮವಾರ ಜಗಲಿಯ ಹಿತ್ತಾಳೆಯ ಸಾಮಾನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ನಮ್ಮ ಮನೆಯ ಪದ್ಧತಿ. ಅವ್ವನ ಮೊಣಕಾಲು ಹಿಡಿದ ಮೇಲೆ ಒಂಬತ್ತು ವರ್ಷದಿಂದ ಅದು ನನ್ನ ಪಾಲಿನ ಕೆಲಸ. ಅವ್ವ ಎರಡು ಸಲ ಕೈಯಾಡಿಸುತ್ತಿದ್ದಳು. ನಾನು ಚಿಂತೆಯವಳು. ಮಗಳಿಗೆ ಜ್ವರ ಬಂದ ವಾರ ಹತ್ತು ಸಲ, ಗಂಡನಿಗೆ ವರ್ಗಾವಣೆಯ ಸುದ್ದಿ ಬಂದ ವಾರ ಇಪ್ಪತ್ತು ಸಲ ತಿಕ್ಕಿದ್ದೇನೆ. ಕಾಕಾ ಜೋಪಾನಕ್ಕೆಂದು ಕೊಟ್ಟ ಒಂದೇ ಒಂದು ಆಧಾರವನ್ನು ನಾನು ಸೋಮವಾರ ಸೋಮವಾರ ಅಳಿಸುತ್ತ ಬಂದಿದ್ದೆ. ಅಳಿಸಿದ ಕೈಯನ್ನೇ ತೊಳೆದುಕೊಂಡು ಅವರ ಮೇಲೆ ಅನುಮಾನಪಡಲು ದುರ್ಗದಬೈಲಿಗೆ ಹೋಗಿದ್ದೆ.

"ಭಾಳ ಭಕ್ತಿ ಮಾಡಿದಿ ತಂಗೆವ್ವ" ಎಂದರು ಕಾಕಾ, ಬಿಲ್ಲೆಯನ್ನು ನನ್ನ ಕೈಗೆ ಮರಳಿ ಕೊಡುತ್ತ.

ಬಯ್ದಿದ್ದರೆ ಚೆನ್ನಾಗಿತ್ತು. ಇರಲಿ ಬಿಡು, ನಾ ಕೊಟ್ಟಿದ್ದೆ, ಅವರು ಇಟ್ಟಿದ್ದರು, ನಿನಗಂತೂ ಗೊತ್ತಾಯಿತಲ್ಲ ಎಂದು ಹೇಳಿ ಲೋಟದ ತಳದ ಆರಿದ ಚಹಾ ಕುಡಿದು ಎದ್ದರು. ಪ್ರದರ್ಶನದ ಕಾಗದ ಅವರ ಕಿಸೆಯಲ್ಲಿ ಇರಲಿಲ್ಲವೆಂಬುದನ್ನು ನಾನು ಆಗ ಗಮನಿಸಿದೆ.

ಭಾನುವಾರ ಪರೀಕ್ಷಕರು ಬಂದರು. ಕಾಕಾ ಬರುವುದಿಲ್ಲ ಅಂದಿದ್ದರು. ಅವ್ವ ಫೋನು ಮಾಡಿ, ಮಿಸ್ತ್ರಿ ಬರದಿದ್ದರೆ ಬಾನೆಟ್ಟು ತೆಗೆಯುವವರಾರು ಎಂದು ಕರೆಸಿದಳು. ಬಿಲ್ಲೆ ಎಲ್ಲಿ ಸಿಕ್ಕಿತೆಂಬ ಕತೆಯನ್ನು ನಾನು ತಡವರಿಸುತ್ತ ಹೇಳಿದೆ. ಪರೀಕ್ಷಕರು ನಗಲಿಲ್ಲ. ಬಿಲ್ಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿದರು. ಕಾಗದದ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದುಕೊಂಡರು. ತಮ್ಮ ಪಟ್ಟಿ ತೆಗೆದು ನೋಡಿದರು. ಈ ಕಾರಿನ ನಂಬರು ಹೀಗೇ ಶುರುವಾಗುತ್ತದೆ, ಬೇರೆ ಎರಡು ಕಾರುಗಳದ್ದೂ ಹೀಗೇ ಶುರುವಾಗುತ್ತದೆ. ಮುಚ್ಚಳದ ಸ್ಕ್ರೂ ಬಿಚ್ಚಿ ಬಿಲ್ಲೆ ಇಟ್ಟರು. ಸರಿಯಾಗಿ ಕೂತಿತು. ಇದೇ ಕಂಪನಿಯ ಯಾವುದರ ಮೇಲಿಟ್ಟರೂ ಕೂಡುತ್ತದೆ ಎಂದರು.

ಸುಳ್ಳು ಹೇಳಿ ಸಮಾಧಾನ ಮಾಡುವವರಲ್ಲ ಅವರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಅದೇ ನನಗೆ ಹೆಚ್ಚು ಸಂಕಟ.

"ಒಂದ ದಾರಿ ಐತ್ರಿ ಮೇಡಂ" ಅಂದರು ಆಮೇಲೆ. "ಗಾಡಿ ಮಾಲೀಕರು ತಮ್ಮ ಜವಾಬ್ದಾರಿ ಮ್ಯಾಲ ಬರದ ಸಹಿ ಮಾಡಿದ್ರ ಮೂಲದ್ದು ಅಂತ ಹಾಕತೇವಿ. ಆದ್ರ ನಾಳೆ ಯಾರರ ತಕರಾರ ತಗದ್ರ ನಿಮ್ಮ ಮಾತ ಸುಳ್ಳಾಗತೈತಿ. ವಿಚಾರ ಮಾಡ್ರಿ."

ಆಧಾರವಿಲ್ಲದ ಕಾಗದಕ್ಕೆ ನಾನು ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಸಹಿ ಹಾಕಿಲ್ಲ. ನಮ್ಮ ಪ್ರಾಂಶುಪಾಲರೇ ಕೇಳಿದಾಗಲೂ ಹಾಕಿಲ್ಲ. ಕೂರಿಯರಿನವನ ಹತ್ತಿರ ಸಹಿ ಮಾಡುವ ಮೊದಲು ಲಕೋಟೆ ಅಲುಗಾಡಿಸಿ ನೋಡುತ್ತೇನೆ. ಕಾಕಾ ನನ್ನ ಕಡೆ ನೋಡದೆ, ಬೇಡ ಬಿಡು, ಬದಲಿ ಅಂತಲೇ ಬರೆಯಲಿ, ಪ್ರದರ್ಶನ ಪ್ರದರ್ಶನವೇ ಎಂದು ಮೆಲ್ಲಗೆ ಅಂದರು. ನಾನು ಪೆನ್ನು ಕೇಳಿದೆ. ಅದು ಸರಿಯಾಗಿ ಮೂಡುವುದಿಲ್ಲವೆಂದು ಇನ್ನೊಂದು ಕೇಳಿದೆ. ತಾರೀಖು ಮೇಲೆ ಹಾಕಬೇಕೋ ಕೆಳಗೋ ಎಂದು ಕೇಳಿದೆ. ಅವ್ವ ಒಳಗಿನಿಂದ, ಆಕೆ ಇವತ್ತು ಮುಗಿಸೂದಿಲ್ಲ, ಅವರಿಗೆ ಊಟಕ್ಕೆ ಎಲಿ ಹಾಕಲೇನು ಎಂದು ಕೂಗಿದಳು.

ಬರೆದೆ. ಈ ಕಾರ್ಬುರೇಟರ್ ಈ ಕಾರಿನದೇ. ಇಷ್ಟು ವರ್ಷ ಇದನ್ನು ಬಿಚ್ಚಿದವರು, ತೊಳೆದವರು, ಮರಳಿ ಕೂಡಿಸಿದವರು ಒಬ್ಬರೇ ಮಿಸ್ತ್ರಿ. ಬದಲಿಸೆಂದು ಮಾಲೀಕನೇ ಹಟ ಹಿಡಿದಾಗಲೂ ಅವರು ಬದಲಿಸಲಿಲ್ಲ. ಬಿಲ್ಲೆಯ ಮೇಲಿನ ಅಂಕಿ ಅಳಿಸಿದವಳು ನಾನು. ಕೆಳಗೆ ಸಹಿ ಮಾಡಿದೆ. ಮೊದಲ ಸಲಕ್ಕೇ ಮಾಡಿದೆ, ತಿರುಗಿ ಓದಲಿಲ್ಲ.

ಪರೀಕ್ಷಕರು ಅದನ್ನು ದೊಡ್ಡದಾಗಿ ಓದಿದರು. ಕೊನೆಯ ಮಾತಿಗೆ ಬಂದಾಗ ಕಾಕಾ, ಅದನ್ನು ಹೊಡೆದುಹಾಕು, ಅದು ಯಾಕೆ ಬೇಕು ಎಂದರು. ತಮ್ಮ ನೌಕರಿಯಲ್ಲಿ ಇಂಥ ಕಾಗದ ಒಂದೂ ಬಂದಿರಲಿಲ್ಲ, ಅದು ಇರಲಿ ಎಂದು ಪರೀಕ್ಷಕರು ಅದನ್ನು ಫೈಲಿನೊಳಗೆ ಸೇರಿಸಿದರು. ಕಾಕಾ ಆ ಕಡೆ ತಿರುಗಿ ಕಾರಿನ ದೀಪ ಒರೆಸತೊಡಗಿದರು. ಆಗಲೇ ಒರೆಸಿದ್ದ ದೀಪ.

ಸ್ಕ್ರೂ ಬಿಗಿಯುವ ಮೊದಲು ಬಿಲ್ಲೆಯನ್ನು ಅಲ್ಲೇ ಕೂಡಿಸಿಬಿಡಲೇ ಎಂದು ಪರೀಕ್ಷಕರು ಕೇಳಿದಾಗ ಅವ್ವ ಕೋಲೂರಿಕೊಂಡು ಹೊರಗೆ ಬಂದು ಕೈ ಚಾಚಿದಳು.

"ಅದು ಜಗಲಿ ಮ್ಯಾಲ ಇರಲಿ" ಅಂದಳು. "ಮೊದಲ ಇಕಿ ಅಪ್ಪ ಹೊಡೀತಿದ್ದ. ಈಗ ಇಕಿ ಹೊಡೀತಾಳ."

ಪ್ರದರ್ಶನದ ದಿನ ಕಾರು ದಾರಿಯಲ್ಲಿ ನಿಲ್ಲಲಿಲ್ಲ, ಮಳೆಯೂ ಬರಲಿಲ್ಲ. ನಾನು ನವಲೂರಿನ ಹತ್ತಿರ ಸುಮ್ಮನೆ ಎರಡು ಸಲ ನಿಲ್ಲಿಸಿದೆ, ಅಷ್ಟೇ. ಬಾನೆಟ್ಟು ತೆರೆದು ನಿಲ್ಲಿಸಿ, ಪಕ್ಕದಲ್ಲಿ ಒಂದು ಕಾರ್ಡು ಇಟ್ಟಿದ್ದರು. ಅದರಲ್ಲಿ ಕಾರ್ಬುರೇಟರಿನ ಎದುರಿಗೆ, ಮೂಲದ್ದು, ಮಾಲೀಕರ ಮಾತಿನ ಮೇಲೆ ಎಂದು ಬರೆದಿತ್ತು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಕೈಗಳು ಎಣ್ಣೆಯಿಲ್ಲದೆ ಬೇರೆ ಯಾರವೋ ಎಂಬಂತೆ ಕಾಣುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಚಹಾದಂಗಡಿಯ ಆ ಇಬ್ಬರು ಮಿಸ್ತ್ರಿಗಳೂ ಬಂದರು. ಒಬ್ಬರು ಬಗ್ಗಿ ನೋಡಿದರು. ಇನ್ನೊಬ್ಬರು ಕಾರ್ಡನ್ನು ಎರಡು ಸಲ ಓದಿ, ಎಲ್ಲ ಸರಿ, ಬಿಲ್ಲೆ ಎಲ್ಲಿ ಎಂದು ಕೇಳಿದರು.

"ದೇವರ ಮನ್ಯಾಗ ಐತಿ" ಎಂದರು ಕಾಕಾ. "ನೋಡಬೇಕಂದ್ರ ಕೈಕಾಲ ತೊಳಕೊಂಡ ಬರ್ರಿ."

ಮರುದಿನ ಅವರಿಬ್ಬರೂ ಬಂದೇಬಿಟ್ಟರು. ಅಂಗಳದ ನಳದಲ್ಲಿ ಕೈಕಾಲು ತೊಳೆದು, ಟೋಪಿ ಸರಿಮಾಡಿಕೊಂಡು, ದೇವರ ಮನೆಯ ಹೊಸ್ತಿಲ ಹೊರಗೇ ನಿಂತರು. ಅವ್ವ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ತೋರಿಸಿದಳು. ಬಹಳ ಹೊತ್ತು ನೋಡಿದ ಮೇಲೆ ಒಬ್ಬರು, "ಅಂಕಿ ಕಾಣವಲ್ದಲ್ರಿ ಅವ್ವಾರ" ಅಂದರು.

"ಕಾಣೂದಿಲ್ಲ" ಅಂದಳು ಅವ್ವ. "ಮಿಸ್ತ್ರಿ ಹೇಳ್ಯಾನಲ್ಲ. ಮತ್ತೇನ ಬೇಕು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೌದೆಂದು ತಲೆಯಾಡಿಸಿ, ಚಹಾಕ್ಕೆ ಕೂತರು. ಬಿಸ್ಕತ್ತನ್ನು ಈ ಸಲ ಬೇಗ ಬೇಗ ತಿಂದರು.